ದಾಲ್ ಮಿಲ್ಲಿಗೆ ಯಾವ ಅಲಾರಂ? ಓವರ್‌ಲೋಡ್ ರಿಲೇಯಿಂದ ಕಂಪನ ಸೆನ್ಸರ್ ತನಕ ಒಂದು ಹೋಲಿಕೆ

ಹೊಸ ತೊಗರಿ ಬಂದಮೇಲೆ ಕಲಬುರಗಿಯ ದಾಲ್ ಮಿಲ್ಲುಗಳಿಗೆ ಬೇಸಿಗೆ ತನಕ ಬಿಡುವಿರುವುದಿಲ್ಲ. ಆ ದಿನಗಳಲ್ಲಿ ಒಂದು ಎಲಿವೇಟರ್ (ಬಕೆಟ್ ಕಟ್ಟಿದ ಬೆಲ್ಟಿನಿಂದ ಕಾಳನ್ನು ಮೇಲಕ್ಕೆತ್ತುವ ಯಂತ್ರ) ನಿಂತರೆ ಅದರ ಹಿಂದಿನ ರೋಲರ್, ಮುಂದಿನ ಜರಡಿ, ಹಮಾಲರ ಕೆಲಸ ಎಲ್ಲವೂ ನಿಂತಂತೆಯೇ. ಕೆಡುವ ಮೊದಲೇ ಎಚ್ಚರಿಸುವ ಸಾಧನಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಮಾರುವವರು ಎಲ್ಲದಕ್ಕೂ ಹೇಳುವುದು ಒಂದೇ ಮಾತು: ಇದೊಂದು ಹಾಕಿಸ್ರಿ, ಮೋಟಾರ್ ಸುಡಂಗಿಲ್ಲ. ಆದರೆ ಮೋಟಾರು ಉಳಿಯುವುದು ಬೇರೆ, ಯಂತ್ರ ಉಳಿಯುವುದು ಬೇರೆ. ಕಪನೂರು ಕೈಗಾರಿಕಾ ಪ್ರದೇಶದಂಥ ಕಡೆ ಸಾಮಾನ್ಯವಾಗಿ ಕಾಣುವ ಜೋಡಣೆಯ ಮೇಲೆ, ಅಂದರೆ 5 ಎಚ್‌ಪಿ ಎಲಿವೇಟರ್ ಮತ್ತು ಕಾಳಿನ ಸಿಪ್ಪೆ ತೆಗೆಯುವ 15 ಎಚ್‌ಪಿ ಎಮರಿ ರೋಲರ್ ಮೇಲೆ, ಬೇರೆ ಬೇರೆ ಬಗೆಯವನ್ನು ಹಾಕಿ ನೋಡಿ ಬರೆದ ಹೋಲಿಕೆ ಇದು.

ಮೋಟಾರಿನ ಕಾವಲು: ಮೂರು ಬಗೆ

ಎಲ್ಲ ಸ್ಟಾರ್ಟರಿನಲ್ಲೂ ಇರುವುದು ಬೈಮೆಟಲ್ ಓವರ್‌ಲೋಡ್ ರಿಲೇ. ಕರೆಂಟ್ ಹೆಚ್ಚಾದರೆ ಇದು ಬಿಸಿಯಾಗಿ ಬೀಳುತ್ತದೆ, ಅಂದರೆ ಟ್ರಿಪ್ ಆಗಿ ಮೋಟಾರನ್ನು ನಿಲ್ಲಿಸುತ್ತದೆ. ಅಗ್ಗ, ಗಟ್ಟಿ, ಮಿಸ್ತ್ರಿಗೆ ಪರಿಚಯದ್ದು. ಕ್ಲಾಸ್ 10 ರಿಲೇ ಸೆಟ್ ಮಾಡಿದ ಕರೆಂಟಿನ 1.05 ಪಟ್ಟಿಗೆ ಬೀಳುವುದಿಲ್ಲ, 1.2 ಪಟ್ಟಿಗೆ ಎರಡು ಗಂಟೆಯೊಳಗೆ ಬೀಳುತ್ತದೆ, ಬಿಸಿಯಾಗಿದ್ದಾಗ 1.5 ಪಟ್ಟಿಗೆ ನಾಲ್ಕು ನಿಮಿಷದೊಳಗೆ, 7.2 ಪಟ್ಟಿಗೆ 4ರಿಂದ 10 ಸೆಕೆಂಡಿನಲ್ಲಿ. ಈ ಅಂಕಿಗಳಲ್ಲೇ ಅದರ ಮಿತಿಯೂ ಕಾಣುತ್ತದೆ. ಎಲಿವೇಟರ್ ಬೂಟಿನಲ್ಲಿ (ತಳದ ಪೆಟ್ಟಿಗೆಯಲ್ಲಿ) ಕಾಳು ಕಟ್ಟಿ ಮೋಟಾರು ಪೂರ್ತಿ ಹಿಡಿದುಕೊಂಡರೆ ರಿಲೇ ಬೀಳುವ ಹೊತ್ತಿಗೆ ವಿ-ಬೆಲ್ಟ್ ಪುಲ್ಲಿಯ ಮೇಲೆ ತಿಕ್ಕಿ ವಾಸನೆ ಬಂದಿರುತ್ತದೆ.

ಮೋಟಾರನ್ನು ಮೊದಲು ಕಡಿಮೆ ಕರೆಂಟಿನಲ್ಲಿ ಶುರು ಮಾಡುವ ಸ್ಟಾರ್-ಡೆಲ್ಟಾ ಪ್ಯಾನೆಲ್ಲಿನಲ್ಲಿ ಇನ್ನೊಂದು ತೊಂದರೆ ಪದೇಪದೇ ಸಿಗುತ್ತದೆ. 15 ಎಚ್‌ಪಿ ಮೋಟಾರಿನ ಪೂರ್ಣ ಕರೆಂಟ್ ಸುಮಾರು 21 ಆಂಪಿಯರ್. ರಿಲೇಯನ್ನು ವೈಂಡಿಂಗಿನ ದಾರಿಯಲ್ಲಿ ಕೂರಿಸಿದ್ದರೆ ಅದರ ಸೆಟ್ಟಿಂಗ್ 21 ಅಲ್ಲ, ಅದರ 0.58 ಪಾಲು, ಅಂದರೆ 12 ಆಂಪಿಯರ್ ಆಸುಪಾಸು. ನೇಮ್‌ಪ್ಲೇಟ್ ನೋಡಿ 21ಕ್ಕೆ ತಿರುಗಿಸಿಟ್ಟ ರಿಲೇ ಇದ್ದೂ ಇಲ್ಲದಂತೆ. ಯಾವ ಹೊಸ ಸಾಧನ ಕೊಳ್ಳುವ ಮೊದಲೂ ಇದನ್ನು ನೋಡಿ. ಇದಕ್ಕೆ ಸ್ಕ್ರೂಡ್ರೈವರ್ ಬಿಟ್ಟರೆ ಬೇರೆ ಖರ್ಚಿಲ್ಲ.

ಎರಡನೆಯದು ವೋಲ್ಟೇಜ್ ನೋಡುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್. ಮಳೆಗಾಲದ ಮುಂಚಿನ ಗಾಳಿ-ಗುಡುಗಿಗೆ ನಮ್ಮ ಕಡೆ ಒಂದು ಫೇಸ್ ಹೋಗುವುದು ಹೊಸದಲ್ಲ. ಮೋಟಾರು ಶುರುವಾಗುವ ಮೊದಲೇ ಫೇಸ್ ಇಲ್ಲದಿದ್ದರೆ ಇದು ಚೊಕ್ಕಟವಾಗಿ ತಡೆಯುತ್ತದೆ. ಓಡುತ್ತಿರುವಾಗ ಹೋದರೆ ಮಾತ್ರ ಮೋಸ ಹೋಗಬಹುದು. ತಿರುಗುತ್ತಿರುವ ಮೋಟಾರು ಹೋದ ಫೇಸಿನ ಮೇಲೆ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಲೋಡ್ ಕಡಿಮೆ ಇದ್ದಷ್ಟೂ ಅದು ನಿಜವಾದ ವೋಲ್ಟೇಜಿಗೆ ಹತ್ತಿರ. ಪ್ರಿವೆಂಟರ್ ಮೂರೂ ಫೇಸ್ ಇವೆ ಎಂದೇ ನಂಬಿರುತ್ತದೆ. ಅತ್ತ ಶೇಕಡಾ 60 ಲೋಡಿನಲ್ಲಿದ್ದ ಡೆಲ್ಟಾ ಮೋಟಾರಿನ ಲೈನ್ ಕರೆಂಟ್ 1.73 ಪಟ್ಟಾಗಿ ಪೂರ್ಣ ಕರೆಂಟಿನ 1.04ಕ್ಕೆ ಬಂದು ನಿಲ್ಲುತ್ತದೆ. ಫೇಸ್ ವ್ಯತ್ಯಾಸ ಹಿಡಿಯುವ ಸೌಲಭ್ಯ ಇಲ್ಲದ ಸಾದಾ ಬೈಮೆಟಲ್ ಅದಕ್ಕೆ ಬೀಳುವುದಿಲ್ಲ. ಒಳಗೆ ಮಾತ್ರ ಒಂದು ವೈಂಡಿಂಗ್ ತನ್ನ ಮಿತಿಗಿಂತ ಸುಮಾರು ಶೇಕಡಾ 20 ಹೆಚ್ಚು ಕರೆಂಟ್ ಹೊತ್ತು ಬಿಸಿಯಾಗುತ್ತಿರುತ್ತದೆ. ರಿವೈಂಡಿಂಗ್ ಅಂಗಡಿಗೆ ಬಂದ ಮೋಟಾರು ಬಿಚ್ಚಿದಾಗ ಒಂದು ಫೇಸಿನ ಸುರುಳಿಗಳಷ್ಟೇ ಕಪ್ಪಾಗಿ, ಉಳಿದವು ಹೊಸದರಂತಿದ್ದರೆ ಕಾರಣ ಇದೇ.

ಮೂರನೆಯದು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಮೂಲಕ ಪ್ರತಿ ಫೇಸಿನ ಕರೆಂಟ್ ನೋಡುವ ಎಲೆಕ್ಟ್ರಾನಿಕ್ ರಿಲೇ. ಫೇಸ್ ಹೋದರೆ ಕೆಲವೇ ಸೆಕೆಂಡು, ಜಾಮ್ ಆದರೆ ಎರಡು-ಮೂರು ಪಟ್ಟು ಕರೆಂಟಿಗೆ ಒಂದೆರಡು ಸೆಕೆಂಡು, ಅಷ್ಟರಲ್ಲಿ ಬೀಳಿಸುತ್ತದೆ. ಯಾವ ಕಾರಣಕ್ಕೆ ಬಿತ್ತು ಎಂದು ತೋರಿಸುವುದು ಇದರ ದೊಡ್ಡ ಉಪಕಾರ, ಏಕೆಂದರೆ ಕಾರಣ ಗೊತ್ತಿಲ್ಲದೆ ಮತ್ತೆ ಮತ್ತೆ ರೀಸೆಟ್ ಒತ್ತುವುದರಿಂದಲೇ ಎಷ್ಟೋ ಮೋಟಾರು ಹೋಗುತ್ತವೆ. ಈ ಮೂರರಲ್ಲಿ ಆಯ್ಕೆ ಸ್ಪಷ್ಟ: ರೋಲರಿಗೂ ಎಲಿವೇಟರಿಗೂ ಕರೆಂಟ್ ನೋಡುವುದನ್ನೇ ಹಾಕಿ. ಪ್ಯಾನೆಲ್ ಪಡುವಣ ಗೋಡೆಗೆ ಬೇಡ. ಮೇ ತಿಂಗಳ ಬಿಸಿಲಿಗೆ ತಗಡಿನ ಪೆಟ್ಟಿಗೆಯ ಒಳಗಿನ ಕಾವು ರಿಲೇ ತಯಾರಕರು ಹೇಳಿದ ಮಿತಿಯನ್ನು ಮುಟ್ಟಿಬಿಡುತ್ತದೆ.

ಬೆಲ್ಟ್ ಜಾರುವುದನ್ನು ಕರೆಂಟ್ ಹೇಳುವುದಿಲ್ಲ

ಎಲೆಕ್ಟ್ರಾನಿಕ್ ರಿಲೇಯಲ್ಲಿ ಅಂಡರ್‌ಲೋಡ್ ಸೆಟ್ಟಿಂಗ್ ಇರುತ್ತದೆ. ಬಕೆಟ್ ಬೆಲ್ಟ್ ಹರಿದರೆ ಕರೆಂಟ್ ಇಳಿಯುತ್ತದೆ, ಅಷ್ಟೇ ಸಾಕು ಎಂಬ ವಾದವಿದೆ. 5 ಎಚ್‌ಪಿಯಂಥ ಚಿಕ್ಕ ಇಂಡಕ್ಷನ್ ಮೋಟಾರಿನಲ್ಲಿ ಈ ವಾದ ನಿಲ್ಲುವುದಿಲ್ಲ. ಲೋಡೇ ಇಲ್ಲದಾಗಲೂ ಅದು ಪೂರ್ಣ ಕರೆಂಟಿನ ಶೇಕಡಾ 40ರ ಹತ್ತಿರ ಎಳೆಯುತ್ತದೆ. ಕಾಳಿಲ್ಲದೆ ಸುಮ್ಮನೆ ಓಡುವ ಎಲಿವೇಟರಿಗೂ ಬೆಲ್ಟ್ ಹರಿದ ಎಲಿವೇಟರಿಗೂ ಇರುವ ಅಂತರ ತೀರ ಸಣ್ಣದು. ಅಂಡರ್‌ಲೋಡನ್ನು ಬಿಗಿ ಇಟ್ಟರೆ ಫೀಡ್ ನಿಂತಾಗಲೆಲ್ಲ ಬೀಳುತ್ತದೆ, ಸಡಿಲ ಇಟ್ಟರೆ ಬೆಲ್ಟ್ ಹೋದರೂ ಬೀಳದು. ಜಾರುವ ಬೆಲ್ಟಿನ ವಿಷಯವಂತೂ ಕೇಳುವುದೇ ಬೇಡ: ಮೇಲಿನ ಪುಲ್ಲಿ ತಿರುಗುತ್ತಿದೆ, ಮೋಟಾರು ಆರಾಮವಾಗಿದೆ, ರಬ್ಬರ್ ಮಾತ್ರ ಬಿಸಿಯಾಗುತ್ತಿದೆ. ಕೆಳಗೆ ಬೂಟಿನಲ್ಲಿ ಹೊಟ್ಟಿನ ದೂಳು ತುಂಬಿರುವ ಎಲಿವೇಟರಿನಲ್ಲಿ ಇದು ಬರೀ ಬೆಲ್ಟಿನ ನಷ್ಟವಲ್ಲ, ಬೆಂಕಿಯ ಮಾತು.

ಇದಕ್ಕೆ ಉತ್ತರ ಕೆಳಗಿನ ಪುಲ್ಲಿಯ ಶಾಫ್ಟಿನ ವೇಗ ನೋಡುವ ಸೆನ್ಸರ್. ಮೇಲಿನ ಶಾಫ್ಟಿಗೆ ಹಾಕಿದರೆ ಪ್ರಯೋಜನವಿಲ್ಲ; ಅದನ್ನು ಮೋಟಾರೇ ತಿರುಗಿಸುತ್ತದೆ. ಎರಡು ಬಗೆ ಹಾಕಿ ನೋಡಿದ್ದಾಯಿತು. ಕೆಪಾಸಿಟಿವ್ ಸೆನ್ಸರ್ ಮುಖದ ಮೇಲೆ ದೂಳು ಕೂತರೆ ಅದನ್ನೇ ಗುರಿಯೆಂದು ತಿಳಿದು ಸದಾ ಆನ್ ಆಗಿಬಿಡುತ್ತದೆ. ಇಂಡಕ್ಟಿವ್ ಪ್ರಾಕ್ಸಿಮಿಟಿಗೆ ದೂಳಿನ ಹಂಗಿಲ್ಲ, ಲೋಹ ಮಾತ್ರ ಕಾಣುತ್ತದೆ. 18 ಮಿಲಿಮೀಟರ್ ಗಾತ್ರದ, 8 ಮಿ.ಮೀ. ದೂರ ಹಿಡಿಯುವ ಸೆನ್ಸರನ್ನು ಗುರಿಯಿಂದ 4–5 ಮಿ.ಮೀ. ಅಂತರದಲ್ಲಿ ಕೂರಿಸಿ. ಶಾಫ್ಟಿನ ಜೊತೆ ತಿರುಗುವ ಸ್ಟೀಲ್ ಬೋಲ್ಟಿನ ತಲೆಯನ್ನು ಗುರಿ ಮಾಡಿ. ಸ್ಟೇನ್‌ಲೆಸ್ ಆದರೆ ದೂರ ಇನ್ನೂ ಕಡಿಮೆಯಾಗುತ್ತದೆ.

ಗುರಿ ಒಂದಲ್ಲ, ನಾಲ್ಕು ಇರಲಿ. 400 ಮಿ.ಮೀ. ಪುಲ್ಲಿ, ಸೆಕೆಂಡಿಗೆ 1.5 ಮೀಟರ್ ಬೆಲ್ಟ್ ವೇಗ ಎಂದರೆ ನಿಮಿಷಕ್ಕೆ ಸುಮಾರು 72 ಸುತ್ತು. ಒಂದೇ ಬೋಲ್ಟ್ ಇದ್ದರೆ ಪಲ್ಸಿನಿಂದ ಪಲ್ಸಿಗೆ 0.8 ಸೆಕೆಂಡು ಮೀರುತ್ತದೆ; ಶೇಕಡಾ 10 ವೇಗ ಇಳಿದದ್ದು ತಿಳಿಯುವಷ್ಟರಲ್ಲಿ ಹಲವು ಸುತ್ತು ಹೋಗಿರುತ್ತದೆ. ನಾಲ್ಕು ಇದ್ದರೆ 0.2 ಸೆಕೆಂಡಿಗೊಂದು ಪಲ್ಸ್. ಶೇಕಡಾ 10 ಇಳಿದರೆ ಹೂಟರ್, 20 ಇಳಿದರೆ ಮೋಟಾರು ಬಂದ್. ಅಮೆರಿಕದ ಧಾನ್ಯ ಗೋದಾಮುಗಳ ಸುರಕ್ಷತಾ ನಿಯಮವೂ ಇದೇ 20ರ ಗೆರೆ ಹಾಕುತ್ತದೆ. ಶುರುವಾಗುವಾಗ 5ರಿಂದ 10 ಸೆಕೆಂಡು ಟೈಮರ್ ಬಿಡಬೇಕು, ಇಲ್ಲದಿದ್ದರೆ ಓಡಲೇ ಬಿಡುವುದಿಲ್ಲ.

ಅಳವಡಿಸುವವರು ಬಹಳ ಸಲ ಮರೆಯುವುದು ಬ್ರಾಕೆಟ್ಟಿನ ಜಾಗ. ಬೆಲ್ಟ್ ಬಿಗಿ ಮಾಡಲು ಟೇಕ್‌ಅಪ್ ಸ್ಕ್ರೂ ತಿರುಗಿಸಿದಾಗ ಕೆಳಗಿನ ಶಾಫ್ಟ್ ಸರಿಯುತ್ತದೆ. ಸೆನ್ಸರ್ ಎಲಿವೇಟರಿನ ಗೋಡೆಗೆ ಇದ್ದರೆ ಅಂತರ ತಪ್ಪಿ ಸುಳ್ಳು ಟ್ರಿಪ್, ಅಥವಾ ಬೋಲ್ಟ್ ಬಡಿದು ಸೆನ್ಸರ್ ತುಂಡು. ಶಾಫ್ಟಿನ ಜೊತೆ ಸರಿಯುವ ಬೇರಿಂಗ್ ಹೌಸಿಂಗಿಗೇ ಬ್ರಾಕೆಟ್ ಹಾಕಿಸಿ.

ಇನ್ನು ಇಂಟರ್‌ಲಾಕ್, ಅಂದರೆ ಒಂದು ಯಂತ್ರ ನಿಂತರೆ ಅದರ ಹಿಂದಿನದೂ ನಿಲ್ಲುವ ಜೋಡಣೆ. ಎಲಿವೇಟರ್ ಒಂದೇ ನಿಂತು, ಅದಕ್ಕೆ ಕಾಳು ಸುರಿಯುವ ರೋಲರ್ ಓಡುತ್ತಲೇ ಇದ್ದರೆ ಬೂಟು ಗಂಟಲು ತನಕ ತುಂಬುತ್ತದೆ. ಖಾಲಿ ಮಾಡಲು ಅರ್ಧ ಪಾಳಿ ಹೋಗುತ್ತದೆ. ಎಲಿವೇಟರ್ ಕಾಂಟ್ಯಾಕ್ಟರಿನ (ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್ಚಿನ) ಎನ್‌ಓ ಕಾಂಟ್ಯಾಕ್ಟನ್ನು, ಅಂದರೆ ಅದು ಆನ್ ಇದ್ದಾಗ ಮಾತ್ರ ಕೂಡುವ ಕಾಂಟ್ಯಾಕ್ಟನ್ನು, ಹಿಂದಿನ ಯಂತ್ರದ ಕಾಯಿಲ್ ಸರ್ಕ್ಯೂಟಿಗೆ ಸರಣಿಯಲ್ಲಿ ಜೋಡಿಸಿದರೆ ಆಯಿತು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಉಳಿಸುವುದು ಇಡೀ ಮಿಲ್ಲಿನಲ್ಲಿ ಬೇರೊಂದಿಲ್ಲ.

ಬೇರಿಂಗ್ ಕಾವು: ಕೈಯೋ, ಪಿಟಿ100ಓ

ಬೇರಿಂಗ್ ಮೇಲೆ ಕೈ ಇಟ್ಟು ನೋಡುವ ಅಭ್ಯಾಸ ಒಳ್ಳೆಯದೇ, ಆದರೆ 60 ಡಿಗ್ರಿ ದಾಟಿದ ಮೇಲೆ ಕೈಗೆ 65 ಮತ್ತು 85 ಒಂದೇ. ಅದನ್ನು ಅಂಕಿಯಲ್ಲಿ ಹೇಳುವುದು ಪಿಟಿ100, ಅಂದರೆ ಕಾವಿನೊಂದಿಗೆ ರೋಧ ಬದಲಾಗುವ ಸೆನ್ಸರ್. ಆರೋಗ್ಯವಂತ ಬೇರಿಂಗ್ ಸುತ್ತಲಿನ ಗಾಳಿಗಿಂತ ಇಪ್ಪತ್ತು ಡಿಗ್ರಿ ಹೆಚ್ಚು ಓಡುತ್ತದೆ ಎಂದಿಟ್ಟುಕೊಳ್ಳಿ. ಜನವರಿ ನಸುಕಿನಲ್ಲಿ ಅದು 36, ಮೇ ಮಧ್ಯಾಹ್ನ 63. ಹೀಗಾಗಿ 80 ಡಿಗ್ರಿಗೆ ಒಂದೇ ಸೆಟ್ಟಿಂಗ್ ಇಟ್ಟ ಅಲಾರಂ ಬೇಸಿಗೆಯಲ್ಲಿ ಸರಿಯಾಗಿ ಕೂಗುತ್ತದೆ, ಚಳಿಯಲ್ಲಿ ಬೇರಿಂಗ್ ಹಾಳಾಗುತ್ತ ಬಂದಾಗಲೂ ತೆಪ್ಪಗಿರುತ್ತದೆ. ಶೆಡ್ಡಿನ ನೆರಳಲ್ಲಿ ಇನ್ನೊಂದು ಪಿಟಿ100 ಇಟ್ಟು ವ್ಯತ್ಯಾಸ ನೋಡುವ ಕಂಟ್ರೋಲರ್ ಆದರೆ 40 ಡಿಗ್ರಿ ವ್ಯತ್ಯಾಸಕ್ಕೆ ಅಲಾರಂ ಇಡಬಹುದು. ನಮ್ಮ ಹವೆಗೆ ಇದೇ ಒಪ್ಪುವುದು.

ಪಿಟಿ100ಗೆ ಮೂರು ತಂತಿಯೇ ಬೇಕು. ಪ್ರತಿ ಡಿಗ್ರಿಗೆ ಅದರ ರೋಧ ಬದಲಾಗುವುದು 0.385 ಓಮ್ ಮಾತ್ರ. 0.5 ಚದರ ಮಿ.ಮೀ. ತಂತಿ 30 ಮೀಟರ್ ಹೋಗಿ ಬಂದರೆ ಎರಡು ಓಮ್ ಮೀರುತ್ತದೆ. ಎರಡೇ ತಂತಿಯ ಜೋಡಣೆಯಲ್ಲಿ ಸುಮಾರು ಐದೂವರೆ ಡಿಗ್ರಿ ಹೆಚ್ಚು ತೋರಿಸುತ್ತದೆ. ಕೆ ಟೈಪ್ ಥರ್ಮೋಕಪಲ್ ಅಗ್ಗವೇ, ಆದರೆ ಯಾರಾದರೂ ಸಾಮಾನ್ಯ ತಾಮ್ರದ ತಂತಿಯಿಂದ ಉದ್ದ ಮಾಡಿದ ದಿನ ಅದರ ಲೆಕ್ಕ ಕೆಡುತ್ತದೆ. ಸೆನ್ಸರನ್ನು ಗ್ರೀಸ್ ನಿಪ್ಪಲ್ ಕಿತ್ತು ಅದರ ತೂತಿಗೆ ಹಾಕುವ ಚಟ ಬೇಡ. ಆಮೇಲೆ ಗ್ರೀಸ್ ಹಾಕುವವರು ಇರುವುದಿಲ್ಲ. ಹೊಸ ಗ್ರೀಸ್ ತುಂಬಿದ ಮೇಲೆ ಕೆಲವು ಗಂಟೆ ಕಾವು ಏರಿ ತಾನೇ ಇಳಿಯುತ್ತದೆ, ಅದು ದೋಷವಲ್ಲ. ಕಾವು 70 ದಾಟಿ ಓಡುವ ಬೇರಿಂಗಿಗೆ ಪ್ರತಿ 15 ಡಿಗ್ರಿಗೂ ಗ್ರೀಸ್ ಅವಧಿ ಅರ್ಧಕ್ಕೆ ಇಳಿಸಬೇಕು.

ಕಂಪನ ನೋಡುವವು

ಕಾವಿಗಿಂತ ಮುಂಚೆ ಸುದ್ದಿ ಕೊಡುವುದು ಕಂಪನ. 15 ಕಿಲೋವ್ಯಾಟ್ ತನಕದ ಯಂತ್ರಕ್ಕೆ ಐಎಸ್‌ಓ ಮಾನದಂಡದ ಪ್ರಕಾರ ಕಂಪನದ ವೇಗ ಸೆಕೆಂಡಿಗೆ 1.8 ಮಿ.ಮೀ. ತನಕ ಒಪ್ಪಬಹುದು, 4.5 ಮೀರಿದರೆ ಓಡಿಸಬಾರದು. ಕೈಯಲ್ಲಿ ಹಿಡಿಯುವ ಪೆನ್ ಮೀಟರ್ ಒಂದೇ ಇಡೀ ಮಿಲ್ಲಿಗೆ ಸಾಕು. ವಾರಕ್ಕೊಮ್ಮೆ ಅದೇ ಜಾಗ, ಅದೇ ಮೂರು ದಿಕ್ಕು, ಕಾಳು ತುಂಬಿ ಓಡುವಾಗಲೇ ಅಳೆದು ಗೋಡೆಯ ಚಾರ್ಟಿಗೆ ಬರೆಯಬೇಕು. ಒಂದು ದಿನದ ಅಂಕಿಗಿಂತ ಏರುತ್ತಿರುವ ಅಂಕಿ ಮುಖ್ಯ.

ಅಂಟಿಸಿಬಿಡುವ ವೈರ್‌ಲೆಸ್ ಸೆನ್ಸರ್ ಚಂದದ ಗ್ರಾಫ್ ತೋರಿಸುತ್ತದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ದೊಡ್ಡ ಫ್ಯಾನುಗಳಿಗೆ ಸದಾ ಕಂಪನ ನೋಡುವ ವ್ಯವಸ್ಥೆ ತಕ್ಕದ್ದೇ. ದಾಲ್ ಮಿಲ್ಲಿನಲ್ಲಿ ಪಕ್ಕದ ಜರಡಿ ತಾನೇ ಅಲುಗುತ್ತ ನೆಲವನ್ನೆಲ್ಲ ಅಲುಗಿಸುವುದರಿಂದ ಸುಳ್ಳು ಎಚ್ಚರಿಕೆ ಬಹಳ. ತಗಡಿನ ಶೆಡ್ಡಿನೊಳಗೆ ವೈಫೈ ದಾಟದು. ಪದೇಪದೇ ಕಳಿಸುವಂತೆ ಇಟ್ಟರೆ ಬ್ಯಾಟರಿ ಬೇಗ ಮುಗಿಯುತ್ತದೆ. ನಿಧಾನ ತಿರುಗುವ ಎಲಿವೇಟರ್ ಶಾಫ್ಟಿನಲ್ಲಂತೂ ಬೇರಿಂಗ್ ಕೆಡುತ್ತಿದ್ದರೂ ಕಂಪನ ವೇಗದ ಅಂಕಿ ಕೊನೆಯ ತನಕ ಕಡಿಮೆಯೇ ಇರುತ್ತದೆ. ಅಲ್ಲಿ ಪಿಟಿ100 ಗೆಲ್ಲುತ್ತದೆ. ಈ ದುಡ್ಡನ್ನು ಎಲ್ಲ ಎಲಿವೇಟರಿಗೂ ವೇಗದ ಸೆನ್ಸರ್ ಆದಮೇಲೆ ಯೋಚಿಸಿ. ಯಾದಗಿರಿ ಕಡೆಯ ಅಕ್ಕಿ ಮಿಲ್ಲಿನ ಎಲಿವೇಟರುಗಳಿಗೂ ಇದೇ ಕ್ರಮ ಹೊಂದುತ್ತದೆ.

ಹೂಟರ್, ಮೊಬೈಲ್, ಮತ್ತು ತಂತಿ

ಮೊಬೈಲಿಗೆ ಕರೆ ಮಾಡುವ ಜಿಎಸ್‌ಎಂ ಪೆಟ್ಟಿಗೆ ಮಾಲೀಕರಿಗೆ ಸಮಾಧಾನ, ಆದರೆ ಹೂಟರಿಗೆ ಬದಲಿ ಅಲ್ಲ. ಜಾರುವ ಬೆಲ್ಟ್ ಫೋನು ಎತ್ತುವ ತನಕ ಕಾಯುವುದಿಲ್ಲ. ಕೊಳ್ಳುವುದಾದರೆ 4ಜಿ ಮಾಡ್ಯೂಲ್ ನೋಡಿ. 2ಜಿ ಪೆಟ್ಟಿಗೆಯಲ್ಲಿ ಜಿಯೋ ಸಿಮ್ ಓಡುವುದಿಲ್ಲ. ಒಳಗೆ ಬ್ಯಾಟರಿ ಇರಬೇಕು, ದಿನಕ್ಕೊಂದು «ಇದ್ದೇನೆ» ಎಂಬ ಸಂದೇಶ ಬರುವಂತೆ ಇಡಬೇಕು. ಇಲ್ಲವಾದರೆ ಮೌನ ಎಂದರೆ ಎಲ್ಲ ಸರಿ ಎಂದೋ ಪೆಟ್ಟಿಗೆ ಸತ್ತಿದೆ ಎಂದೋ ತಿಳಿಯದು. ಹೂಟರಿನ ಜೊತೆ ತಿರುಗುವ ದೀಪ ಬೇಕೇ ಬೇಕು, ರೋಲರ್ ಸದ್ದಿನಲ್ಲಿ ಕಿವಿ ಒಂದೇ ಸಾಲದು.

ಮಿಲ್ಲಿನಲ್ಲಿ ಇಲಿ ಕೇಬಲ್ ಕಡಿಯುವುದು ತಪ್ಪದು. ಆದ್ದರಿಂದ ಎಲ್ಲ ಅಲಾರಂ ರಿಲೇಗಳೂ ಸರಿ ಇರುವಾಗ ಎಳೆದುಕೊಂಡಿದ್ದು (ಆನ್ ಆಗಿದ್ದು), ತಂತಿ ಕಡಿದರೆ ಅಥವಾ ಕಂಟ್ರೋಲ್ ಸಪ್ಲೈ ಹೋದರೆ ಬಿಡುವಂತೆ ಜೋಡಿಸಿ. ಆಗ ಕಡಿದ ತಂತಿಯೇ ಅಲಾರಂ ಆಗುತ್ತದೆ. ಪಿಟಿ100 ಕಂಟ್ರೋಲರಿನಲ್ಲಿ ಸೆನ್ಸರ್ ತುಂಡಾದರೆ ಓದು ಮೇಲಕ್ಕೆ ಹೋಗುವ ಆಯ್ಕೆ ಆರಿಸಿ. ತಿಂಗಳಿಗೊಮ್ಮೆ, ಕಾಳಿಲ್ಲದೆ ಓಡುವಾಗ, ಪ್ರತಿ ಸೆನ್ಸರಿನ ಒಂದು ತಂತಿ ಬಿಚ್ಚಿ ನೋಡಿ: ಎಲಿವೇಟರ್ ನಿಲ್ಲಬೇಕು, ಹಿಂದಿನ ರೋಲರ್ ನಿಲ್ಲಬೇಕು, ಹೂಟರ್ ಕೂಗಬೇಕು. «ಸುಮ್‌ಸುಮ್ನೆ ಒದರ್ತದ್ರಿ» ಎಂದು ಹುಡುಗರು ಸೆನ್ಸರಿಗೆ ಜಂಪರ್ (ಸೆನ್ಸರನ್ನು ತಪ್ಪಿಸುವ ತುಂಡು ತಂತಿ) ಹಾಕಿಟ್ಟಿದ್ದರೆ ಅದೂ ಇದೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಹಾಗೆ ಸಿಕ್ಕಾಗ ಬೈಯುವ ಮೊದಲು ಬ್ರಾಕೆಟ್, ಅಂತರ, ಟೈಮರ್ ಮೂರನ್ನೂ ನೋಡಿ. ಬಹುತೇಕ ಜಂಪರಿನ ಹಿಂದೆ ಸರಿಯಾಗಿ ಕೂರಿಸದ ಸೆನ್ಸರ್ ಒಂದು ಇದ್ದೇ ಇರುತ್ತದೆ.