ಲೆಗೊ ಬ್ರಿಕ್‌ಟೇಲ್ಸ್: ಬಿದ್ದ ಸೇತುವೆಯನ್ನು ಮತ್ತೆ ಕಟ್ಟುವ ಆಟ

ಮೂರನೇ ಸಲವೂ ಸೇತುವೆ ಮುರಿದು ಬಿತ್ತು. ಮಗಳಿಗೆ 9 ವರ್ಷ, ಕಣ್ಣಲ್ಲಿ ನೀರು ಬರುವುದೊಂದು ಬಾಕಿ ಇತ್ತು. ಮೌಸ್ ಇಸಿದುಕೊಂಡು ನಾನೇ ಕಟ್ಟಿಬಿಡೋಣ ಅಂತ ಕೈ ಚಾಚಿದೆ. ಅಷ್ಟರಲ್ಲಿ ಹಿಂದೆ ಕುರ್ಚಿಯಲ್ಲಿ ಪೇಪರ್ ಓದುತ್ತಾ ಕೂತಿದ್ದ ಅಪ್ಪ ತಲೆ ಎತ್ತಿ ಟಿವಿ ನೋಡಿದರು. "ಸಂದಿನ ಮೇಲೇ ಸಂದು ಬಂದಿದೆಯಲ್ಲಮ್ಮಾ, ಇನ್ನೆಲ್ಲಿ ನಿಲ್ಲುತ್ತೆ ಅದು?" ಅಂದರು.

ನಮ್ಮಪ್ಪ ತುಮಕೂರಿನಲ್ಲಿ 40 ವರ್ಷ ಗಾರೆ ಕೆಲಸ ಮಾಡಿದವರು. ಗೋಡೆ ಕಟ್ಟುವಾಗ ಕೆಳಗಿನ ಸಾಲಿನಲ್ಲಿ ಎರಡು ಇಟ್ಟಿಗೆ ಸೇರುವ ಜಾಗದ ಮೇಲೆ ಮೇಲಿನ ಸಾಲಿನ ಇಟ್ಟಿಗೆಯ ನಡುಭಾಗ ಬರಬೇಕು. ಸಂದು ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ಬಂದರೆ ಗೋಡೆ ಅಲ್ಲೇ ಬಿರುಕು ಬಿಡುತ್ತೆ. ಇದು ಅವರಿಗೆ ಉಸಿರಾಟದಷ್ಟು ಸಹಜ. ಆದರೆ ಕಂಪ್ಯೂಟರಿನಲ್ಲಿ ಆಡುವ ಆಟಕ್ಕೂ ಅದೇ ಮಾತು ಅನ್ವಯಿಸುತ್ತದೆ ಅಂತ ನನಗೆ ಹೊಳೆದಿರಲಿಲ್ಲ. ಮಗಳು ಪೀಸುಗಳನ್ನು ಬಿಚ್ಚಿ, ಉದ್ದದ್ದನ್ನು ಅಡ್ಡಡ್ಡ ಹೊಂದಿಸಿ, ಒಂದರ ಸಂದಿನ ಮೇಲೆ ಇನ್ನೊಂದು ಕೂರುವ ಹಾಗೆ ಕಟ್ಟಿದಳು. ಸೇತುವೆ ನಿಂತಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಈ ಆಟಕ್ಕೆ ಮೂರು ಜನ.

ಆಟದ ಹೆಸರು ಲೆಗೊ ಬ್ರಿಕ್‌ಟೇಲ್ಸ್. ಲೆಗೊ ಅಂದರೆ ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳು, ಇಲ್ಲಿ ಅವನ್ನು ಪರದೆಯ ಮೇಲೆ ಜೋಡಿಸಬೇಕು. ಆಸ್ಟ್ರಿಯಾದ ಇನ್ಸ್‌ಬ್ರಕ್‌ನಲ್ಲಿರುವ ಕ್ಲಾಕ್‌ಸ್ಟೋನ್ ಅನ್ನುವ ಸ್ಟುಡಿಯೋ ಮಾಡಿದ್ದು, ಥಂಡರ್‌ಫುಲ್ ಹೊರತಂದಿದ್ದು. 2022ರ ಅಕ್ಟೋಬರ್‌ನಲ್ಲಿ ಪಿಸಿಗೆ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್ ಅನ್ನುವ ಗೇಮ್ ಯಂತ್ರಗಳಿಗೆ ಬಂತು, 2023ರಲ್ಲಿ ಮೊಬೈಲಿಗೂ ಬಂತು. ಈ ಸ್ಟುಡಿಯೋದವರೇ ಹಿಂದೆ ಬ್ರಿಡ್ಜ್ ಕನ್‌ಸ್ಟ್ರಕ್ಟರ್ ಮಾಡಿದ್ದರು. ಸೇತುವೆ ಕಟ್ಟಿ, ಮೇಲೆ ಲಾರಿ ಓಡಿಸಿ, ನಿಲ್ಲುತ್ತಾ ಬೀಳುತ್ತಾ ಅಂತ ನೋಡುವ ಆಟ ಅದು. ಅದನ್ನು ಆಡಿದವರಿಗೆ ಬ್ರಿಕ್‌ಟೇಲ್ಸ್‌ನ ಬುಡ ಎಲ್ಲಿದೆ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಕಥೆ ಸರಳ. ಆಟದಲ್ಲಿ ನಾವು ನಡೆಸುವ ಬೊಂಬೆಯ ತಾತ ಒಬ್ಬ ವಿಜ್ಞಾನಿ, ಹೊಸ ಹೊಸ ಯಂತ್ರ ಕಂಡುಹಿಡಿಯುವವನು. ಅವನದೊಂದು ಮನರಂಜನಾ ಪಾರ್ಕ್ ಇದೆ, ಅದು ಹಾಳು ಬಿದ್ದಿದೆ. ಸರಿ ಮಾಡದಿದ್ದರೆ ಮುಚ್ಚಿಸುತ್ತೇನೆ ಅಂತ ಮೇಯರ್ ಹೆದರಿಸಿದ್ದಾರೆ. ಪಾರ್ಕ್ ಮತ್ತೆ ನಡೆಯಬೇಕಾದರೆ ಸಂತೋಷದ ಹರಳುಗಳು ಬೇಕು, ಜನರಿಗೆ ಸಹಾಯ ಮಾಡಿ ಅವರನ್ನು ಖುಷಿಪಡಿಸಿದರೆ ಆ ಹರಳು ಸಿಗುತ್ತದೆ. ಹಾಗಾಗಿ ನಾವು ರಸ್ಟಿ ಅನ್ನುವ ಪುಟ್ಟ ರೋಬೋ ಜೊತೆ ಒಂದು ಬಾಗಿಲು ದಾಟಿ ಬೇರೆ ಬೇರೆ ಲೋಕಕ್ಕೆ ಹೋಗುತ್ತೇವೆ. ಕಾಡು, ಮರಳುಗಾಡು, ಪಟ್ಟಣ, ಹಳೇ ಕಾಲದ ಕೋಟೆ, ಕೆರಿಬಿಯನ್ ದ್ವೀಪಗಳು. ಪ್ರತಿ ಲೋಕವೂ ಪೂರ್ತಿ ಲೆಗೊ ಇಟ್ಟಿಗೆಯಲ್ಲೇ ಕಟ್ಟಿದ್ದು. ದಸರಾ ಗೊಂಬೆ ಕೂರಿಸುವಾಗ ಪಕ್ಕದಲ್ಲಿ ಮರಳು ಹಾಕಿ, ರಾಗಿ ಪೈರು ಬೆಳೆಸಿ, ಪುಟ್ಟ ಊರು ಮಾಡುತ್ತೇವಲ್ಲ, ನೋಡಿದರೆ ಹಾಗೇ ಅನಿಸುತ್ತದೆ. ಮರ, ನೀರು, ಮೆಟ್ಟಿಲು ಎಲ್ಲವೂ ಕೈಯಲ್ಲಿ ಎತ್ತಿಡಬಹುದು ಅನ್ನುವಷ್ಟು ಚೆಂದ.

ಕಥೆ ಚಿಕ್ಕ ಮಕ್ಕಳದ್ದು, ತೀರಾ ಸಪ್ಪೆ ಅಂತ ಕೆಲವು ಆಟಗಾರರು ಹೇಳುತ್ತಾರೆ. ನನಗೆ ಹಾಗನಿಸಲಿಲ್ಲ. ಯಾರನ್ನೂ ಹೊಡೆಯಬೇಕಾಗಿಲ್ಲ, ಯಾರನ್ನೂ ಓಡಿಸಬೇಕಾಗಿಲ್ಲ, ಗಡಿಯಾರ ಟಿಕ್ ಟಿಕ್ ಅನ್ನುವುದಿಲ್ಲ. ಎದುರಿಗೆ ಸಿಕ್ಕವರಿಗೆ ಏನೋ ಒಂದು ಬೇಕಾಗಿರುತ್ತದೆ, ಅದನ್ನು ಕಟ್ಟಿಕೊಡಬೇಕು, ಅಷ್ಟೇ. ಸಂಜೆ ಊಟಕ್ಕೆ ಮುಂಚೆ ಮನೆಮಂದಿಯೆಲ್ಲ ಕೂತು ನೋಡುವ ಆಟಕ್ಕೆ ಇಷ್ಟು ಕಥೆ ಸಾಕಲ್ವಾ?

ನಿಜವಾದ ಆಟ ಇರುವುದು ಕಟ್ಟುವುದರಲ್ಲಿ. ನಡೆಯುತ್ತಾ ಹೋದಾಗ ಒಂದು ಕಡೆ ದಾರಿ ನಿಂತುಬಿಡುತ್ತದೆ. ಮಧ್ಯೆ ಹೊಳೆ, ಅಥವಾ ಹತ್ತಲಾಗದ ಎತ್ತರ. ಆಗ ಕಟ್ಟುವ ಜಾಗ ತೆರೆದುಕೊಳ್ಳುತ್ತದೆ. ಇಷ್ಟೇ ಪೀಸು, ಇಷ್ಟೇ ಅಳತೆಯ ಜಾಗ ಅಂತ ಲೆಕ್ಕ ಇರುತ್ತದೆ. ಕಟ್ಟಿ ಮುಗಿಸಿ ಪರೀಕ್ಷೆಗೆ ಒತ್ತಿದರೆ ಒಂದು ಪುಟ್ಟ ರೋಬೋ ನಾವು ಕಟ್ಟಿದ್ದರ ಮೇಲೆ ಹೋಗಿ ನೋಡುತ್ತದೆ. ಭಾರ ತಡೆಯದಿದ್ದರೆ ಎಲ್ಲ ಚೂರು ಚೂರು. ತಡೆದರೆ, ನಾವು ಕಟ್ಟಿದ ಅದೇ ಸೇತುವೆ, ಅದೇ ಬಣ್ಣ, ಅದೇ ಸೊಟ್ಟ ಮೂಲೆ ಸಮೇತ ಆ ಲೋಕದಲ್ಲಿ ಬಂದು ಕೂರುತ್ತದೆ. ನಮ್ಮ ಬೊಂಬೆ ಅದರ ಮೇಲೆ ನಡೆದು ಹೋಗುತ್ತದೆ. ಮೊದಲ ಸಲ ಹೀಗಾದಾಗ ಮಗಳು ಸುಮ್ನೆ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ನಡೆಸುತ್ತಲೇ ಇದ್ದಳು.

ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಸರಿಯಾದ ಉತ್ತರ ಅಂತ ಒಂದೇ ಇಲ್ಲ. ಮಾದರಿ ಚಿತ್ರ ನೋಡಿ ಹಾಗೇ ಜೋಡಿಸು ಅಂತಲೂ ಇಲ್ಲ. ನಿಂತರೆ ಪಾಸು. ಚೆಂದ ಇದೆಯಾ, ಸೊಟ್ಟ ಇದೆಯಾ ಅಂತ ದೊಡ್ಡವರು ಹೇಳಬೇಕಾಗಿಲ್ಲ, ರೋಬೋ ದಾಟಿತಾ ಇಲ್ಲವಾ ಅನ್ನುವುದೇ ತೀರ್ಪು. ಮಗು ತಪ್ಪು ಮಾಡಿದಾಗ ಬೈಯುವವರೂ ಇಲ್ಲ, ಅಂಕ ಕಡಿಮೆ ಮಾಡುವವರೂ ಇಲ್ಲ. ಬಿತ್ತು, ಎಲ್ಲಿ ಮುರಿಯಿತು ನೋಡು, ಮತ್ತೆ ಕಟ್ಟು. ನನ್ನ ಮಗಳು ಲೆಕ್ಕದ ಪುಸ್ತಕದಲ್ಲಿ ಒಂದು ಉತ್ತರ ತಪ್ಪಾದರೆ ಪುಟವನ್ನೇ ಮುಚ್ಚಿಡುವವಳು. ಇಲ್ಲಿ ಒಂದೇ ಸೇತುವೆಯನ್ನು ಆರು ಸಲ ಕಟ್ಟಿದಳು. ಇದನ್ನು ನೋಡಿ ನನಗೆ ಆದ ಸಮಾಧಾನ ಎಷ್ಟು ಅಂತ ಬರೆದು ಹೇಳುವುದು ಕಷ್ಟ.

ಎಲ್ಲವೂ ಸೇತುವೆಯೇ ಅಂದುಕೊಳ್ಳಬೇಡಿ. ಕ್ರೇನ್ ಇದೆ, ಪುಟ್ಟ ಹೆಲಿಕಾಪ್ಟರಿನಂಥ ಜೈರೊಕಾಪ್ಟರ್ ಇದೆ. ಇವುಗಳಲ್ಲಿ ತೂಕದ ಲೆಕ್ಕ ಬರುತ್ತದೆ. ಇನ್ನು ಕೆಲವಕ್ಕೆ ಭಾರದ ಪರೀಕ್ಷೆಯೇ ಇಲ್ಲ, ಸಂತೆಯ ಅಂಗಡಿ, ಸಂಗೀತದ ಪೆಟ್ಟಿಗೆ ಇಂಥವು. ಬರೀ ಚೆಂದಕ್ಕೆ. ಈ ಎರಡು ಬಗೆಯ ನಡುವೆ ಆಟಗಾರರಲ್ಲಿ ದೊಡ್ಡ ಭಿನ್ನಾಭಿಪ್ರಾಯ ಇದೆ. ಒಗಟು ಬಿಡಿಸಲು ಬಂದವರಿಗೆ ಚೆಂದದ ಕೆಲಸ ಬೇಸರ, ನಾಲ್ಕು ಪೀಸು ಹೇಗೋ ಇಟ್ಟು ಮುಂದೆ ಹೋಗುತ್ತಾರೆ. ಕಟ್ಟುವುದೇ ಖುಷಿ ಅನ್ನುವವರು ಅಲ್ಲೇ ಒಂದು ಗಂಟೆ ಕೂತುಬಿಡುತ್ತಾರೆ. ನಮ್ಮ ಮನೆಯಲ್ಲಿ ಅಪ್ಪ ಮೊದಲನೇ ಪಕ್ಷ, ಮಗಳು ಎರಡನೇ ಪಕ್ಷ.

ಪೀಸು ಕಡಿಮೆ ಕೊಡುತ್ತಾರೆ ಅನ್ನುವ ದೂರೂ ಇದೆ. ಲೆಗೊ ಅಂದರೆ ರಾಶಿ ಸುರಿದುಕೊಂಡು ಆಡುವುದು, ಇಲ್ಲಿ ರೇಷನ್ ಅಂಗಡಿಯ ಹಾಗೆ ಎಣಿಸಿ ಕೊಡುವುದೇನು ಅಂತ ಕೇಳುವವರಿದ್ದಾರೆ. ಆದರೆ ಎಣಿಸಿ ಕೊಡುವುದರಿಂದಲೇ ತಲೆ ಓಡುವುದು. ರಾಶಿ ಕೊಟ್ಟರೆ ಯಾರು ಬೇಕಾದರೂ ಹೊಳೆ ಪೂರ್ತಿ ತುಂಬಿಸಿ ದಾಟಬಹುದು! ಅದೂ ಅಲ್ಲದೆ, ಒಂದು ಸಲ ಪಾಸಾದ ಮೇಲೆ ಅದೇ ಜಾಗಕ್ಕೆ ವಾಪಸ್ ಹೋಗಿ ಸ್ಯಾಂಡ್‌ಬಾಕ್ಸ್ ಅನ್ನುವ ಮನಸ್ಸಿಗೆ ಬಂದಂತೆ ಆಡುವ ವಿಭಾಗದಲ್ಲಿ ಬೇರೆ ಬೇರೆ ಲೋಕದ ಜಾಸ್ತಿ ಪೀಸುಗಳನ್ನು ಹಾಕಿ ಇಷ್ಟ ಬಂದ ಹಾಗೆ ಕಟ್ಟಬಹುದು. ಮೊದಲು ಕಷ್ಟದ್ದು, ಆಮೇಲೆ ಇಷ್ಟದ್ದು. ಈ ಕ್ರಮ ಸರಿಯಾಗಿದೆ ಅನ್ನುವುದು ನನ್ನ ಅಭಿಪ್ರಾಯ.

ಈಗ ಕಷ್ಟದ ವಿಷಯ. ಪೀಸು ಹಿಡಿದು ಇಡುವುದು ಸುಲಭ ಅಲ್ಲ. ಆಡಿದವರಲ್ಲಿ ಬಹಳ ಜನ ಇದನ್ನೇ ಹೇಳುತ್ತಾರೆ, ಹೊಗಳುವವರೂ ಹೇಳುತ್ತಾರೆ. ಪರದೆ ಚಪ್ಪಟೆ, ಕಟ್ಟುವ ಜಾಗಕ್ಕೆ ಮಾತ್ರ ಆಳ ಇದೆ. ಮುಂದಿನಿಂದ ನೋಡಿದರೆ ಪೀಸು ಸರಿಯಾಗಿ ಕೂತ ಹಾಗೆ ಕಾಣುತ್ತದೆ, ತಿರುಗಿಸಿ ನೋಡಿದರೆ ಒಂದು ಸಾಲು ಹಿಂದೆ ಇರುತ್ತದೆ. ಹಾಗಾಗಿ ಒಂದು ಪೀಸು ಇಡು, ತಿರುಗಿಸು, ನೋಡು, ಸರಿಸು, ಮತ್ತೆ ತಿರುಗಿಸು. ನಿಜವಾದ ಲೆಗೊ ಆದರೆ ಕೈಬೆರಳಿಗೇ ಗೊತ್ತಾಗುತ್ತದೆ, ಟಕ್ ಅಂತ ಕೂರುತ್ತದೆ. ಇಲ್ಲಿ ಬೆರಳು ಮಾಡುವ ಕೆಲಸವನ್ನೂ ಕಣ್ಣೇ ಮಾಡಬೇಕು. ಮೌಸ್‌ನಲ್ಲಿ ಒಂದೆರಡು ದಿನಕ್ಕೆ ಕೈ ಕೂರುತ್ತದೆ. ಕಂಟ್ರೋಲರಿನಲ್ಲಿ ಮೇಲೆ ಕೆಳಗೆ ಮಾಡಲು ಒಂದು ಬಟನ್, ತಿರುಗಿಸಲು ಇನ್ನೊಂದು, ಕ್ಯಾಮೆರಾಗೆ ಮತ್ತೊಂದು, ಚಿಕ್ಕ ಕೈಗಳಿಗೆ ಇದು ನಿಜಕ್ಕೂ ತ್ರಾಸ. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಮೌಸ್‌ನಲ್ಲಿ ಆಡುವುದು ನಮಗೆ ಹೊಂದಿತು. ನಿಮಗೆ ಎರಡೂ ದಾರಿ ಇದ್ದರೆ ಮೌಸ್ ಇರುವ ಕಡೆ ತೆಗೆದುಕೊಳ್ಳಿ.

ಇನ್ನೊಂದು, ಇದು ಒಬ್ಬರೇ ಆಡುವ ಆಟ. ಲೆಗೊ ಆಟ ಅಂದರೆ 2005ರ ಲೆಗೊ ಸ್ಟಾರ್ ವಾರ್ಸ್‌ನಿಂದ ಈಚೆಗೆ ಜನರಿಗೆ ಒಂದು ಅಭ್ಯಾಸ ಆಗಿಬಿಟ್ಟಿದೆ, ಸೋಫಾದಲ್ಲಿ ಪಕ್ಕಪಕ್ಕ ಕೂತು ಇಬ್ಬರೂ ಒಟ್ಟಿಗೆ ಆಡಬಹುದು ಅಂತ. ಅದನ್ನು ನಂಬಿ ಅಣ್ಣ ತಂಗಿಗೆ ಅಂತ ಕೊಂಡುಕೊಂಡವರಿಗೆ ನಿರಾಸೆ ಆಗುವುದು ಸಹಜ. ಇಷ್ಟು ಒಳ್ಳೆಯ ಕುಟುಂಬದ ಆಟದಲ್ಲಿ ಎರಡನೆಯವರಿಗೆ ಜಾಗ ಇಲ್ಲದಿರುವುದು ನನಗೂ ಬೇಸರವೇ. ಆದರೂ ಒಬ್ಬರ ಕೈಯಲ್ಲಿ ಮೌಸ್, ಉಳಿದವರ ಬಾಯಲ್ಲಿ ಸಲಹೆ ಅಂತ ಆಡಿದರೆ ಈ ಆಟ ಚೆನ್ನಾಗಿಯೇ ಸಾಗುತ್ತದೆ. ನಾವು ಮಾಡಿಕೊಂಡ ನಿಯಮ ಒಂದೇ, ಮಗಳು ಕೇಳುವವರೆಗೆ ಯಾರೂ ಮೌಸ್ ಮುಟ್ಟಬಾರದು. ಇದನ್ನು ಪಾಲಿಸಲು ಹೆಚ್ಚು ಕಷ್ಟಪಟ್ಟವಳು ನಾನು.

ಭಾಷೆಯ ವಿಷಯವನ್ನೂ ಹೇಳಬೇಕು. ಪಾತ್ರಗಳು ಬಾಯಿಬಿಟ್ಟು ಮಾತಾಡುವುದಿಲ್ಲ, ಎಲ್ಲ ಅಕ್ಷರದಲ್ಲಿ ಬರುತ್ತದೆ, ಕನ್ನಡ ಇಲ್ಲ. ಓದಲು ಬಾರದ ಮಗುವಿಗೆ ಪಕ್ಕದಲ್ಲಿ ಒಬ್ಬರು ಕೂರಲೇಬೇಕು. ನಾನು ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅಪ್ಪನಿಗೂ ಅರ್ಥವಾಗಬೇಕಲ್ಲ! ಆ ಮೇಯರ್ ಬಂದಾಗಲೆಲ್ಲ ನಮ್ಮೂರಿನ ಕಡೆಯ ಮಾತಿನಲ್ಲೇ ಬೈಸಿದೆ, ಮಗಳು ಬಿದ್ದು ಬಿದ್ದು ನಕ್ಕಳು. ಓದುವುದೇ ಬೇಡ ಅನ್ನುವಷ್ಟು ಚಿಕ್ಕ ಮಗು ಇದ್ದರೆ ಲೆಗೊ ಬಿಲ್ಡರ್ಸ್ ಜರ್ನಿ ಅಂತ ಇನ್ನೊಂದು ಆಟ ಇದೆ. 2019ರಲ್ಲಿ ಮೊದಲು ಆ್ಯಪಲ್ ಆರ್ಕೇಡ್ ಅನ್ನುವ ಆ್ಯಪಲ್ ಕಂಪನಿಯ ಚಂದಾ ಆಟಗಳ ಸೇವೆಗೆ ಬಂದಿದ್ದು, ಅದರಲ್ಲಿ ಮಾತಿಲ್ಲದೆ ಕಥೆ ನಡೆಯುತ್ತದೆ. ಆದರೆ ಅದು ಪುಟ್ಟ ಆಟ, ಬೇಗ ಮುಗಿಯುತ್ತದೆ. ಸೇತುವೆ ಮುರಿಯುವ, ಮತ್ತೆ ಕಟ್ಟುವ ಈ ಮಜಾ ಅಲ್ಲಿ ಇಲ್ಲ.

ಎಷ್ಟು ವಯಸ್ಸಿನವರಿಗೆ ಅಂತ ಕೇಳಿದರೆ, ಒಬ್ಬರೇ ಆಡಲು 9 ಅಥವಾ 10 ವರ್ಷ ಆಗಿರಬೇಕು ಅಂತ ನಾನು ಹೇಳುತ್ತೇನೆ. ಅದಕ್ಕಿಂತ ಚಿಕ್ಕವರಾದರೆ ಜೊತೆಗೆ ಕೂತು ಆಡಿ. ದೊಡ್ಡವರು ಒಬ್ಬರೇ ಆಡಿದರೂ ಬೇಸರ ಆಗುವುದಿಲ್ಲ, ಒಂದೆರಡು ಕಡೆ ನಾನೇ ಅರ್ಧ ಗಂಟೆ ಒದ್ದಾಡಿದ್ದೇನೆ. ಹೊಸ ಲೋಕದಲ್ಲಿ ಹೊಸ ಕಲೆ ಸಿಗುತ್ತದೆ, ಅದನ್ನು ಹಿಡಿದು ಹಳೆಯ ಲೋಕಕ್ಕೆ ಹೋದರೆ ಮೊದಲು ತೆರೆಯದಿದ್ದ ಜಾಗ ತೆರೆಯುತ್ತದೆ, ಬೊಂಬೆಗೆ ಹೊಸ ಬಟ್ಟೆ ಸಿಗುತ್ತದೆ. ಈ ಹುಡುಕಾಟ ಕೆಲವರಿಗೆ ಇಷ್ಟ. ನಮಗೆ ಅದು ಅಷ್ಟಕ್ಕಷ್ಟೇ, ಬೇಗ ಬೇಗ ಮುಗಿಸಿ ಮುಂದಿನ ಕಟ್ಟುವ ಜಾಗ ಹುಡುಕಿಕೊಂಡು ಹೋದೆವು.

ಹಣದ ಲೆಕ್ಕದಲ್ಲೂ ನನಗೆ ಇದು ಸರಿ ಅನಿಸಿತು. ನಿಜವಾದ ಲೆಗೊ ನಮ್ಮಂಥವರಿಗೆ ದುಬಾರಿ, ದೊಡ್ಡ ಡಬ್ಬಿ ಹುಟ್ಟುಹಬ್ಬಕ್ಕೊಂದು ಬಂದರೆ ಹೆಚ್ಚು. ಅದರಲ್ಲೂ ಎರಡು ಪೀಸು ಮಂಚದ ಕೆಳಗೆ ಕಳೆದುಹೋದರೆ ಮುಗಿಯಿತು. ಡಿಸ್ಕೌಂಟ್ ಬಂದಾಗ ಕೊಂಡರೆ ಒಂದು ಚಿಕ್ಕ ಡಬ್ಬಿಯ ದುಡ್ಡಿನಲ್ಲಿ ಐದು ಲೋಕ ಸಿಗುತ್ತದೆ. ಹಾಗಂತ ಇದು ಕೈಯಲ್ಲಿ ಹಿಡಿದು ಆಡುವುದಕ್ಕೆ ಬದಲಿ ಅಲ್ಲ. ಈ ಆಟ ಆಡಿದ ಮೇಲೆ ಮಗಳು ತನ್ನ ಹಳೇ ಡಬ್ಬಿಯನ್ನು ಅಟ್ಟದಿಂದ ಇಳಿಸಿಕೊಂಡು, ಸಂದಿನ ಮೇಲೆ ಸಂದು ಬಾರದ ಹಾಗೆ ಗೋಡೆ ಕಟ್ಟಿದಳು, ಅಪ್ಪ ಪಕ್ಕದಲ್ಲಿ ಕೂತು ದಾರ ಹಿಡಿದು ಮಟ್ಟ ನೋಡಿದರು.

ಕಾಡಿನ ಲೋಕ ಮುಗಿಸಿ ಎಷ್ಟೋ ದಿನ ಆಗಿತ್ತು. ಮೊನ್ನೆ ಭಾನುವಾರ ಕೋಟೆಯಲ್ಲಿ ಆಡುತ್ತಿದ್ದೆವು. ಅಪ್ಪ ಇದ್ದಕ್ಕಿದ್ದ ಹಾಗೆ, "ಅವತ್ತು ಕಟ್ಟಿದೆಯಲ್ಲಾ ಮಗ, ಆ ಸೇತುವೆಗೆ ಪಕ್ಕದಲ್ಲಿ ಕಂಬಿ ಹಾಕಿದ್ಯಾ?" ಅಂತ ಕೇಳಿದರು.

"ಇಲ್ಲ ತಾತ, ಅದಕ್ಕೆ ಕಂಬಿ ಬೇಕಿರಲಿಲ್ಲ. ರೋಬೋ ದಾಟಿತು."

"ರೋಬೋ ದಾಟುತ್ತೆ. ಜನ ಓಡಾಡಬೇಕಲ್ಲ?"

ಮಗಳು ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಕೋಟೆಯ ಕೆಲಸ ಅರ್ಧಕ್ಕೇ ಬಿಟ್ಟು, ಕಾಡಿಗೆ ವಾಪಸ್ ಹೋಗಿ, ಸ್ಯಾಂಡ್‌ಬಾಕ್ಸ್ ತೆರೆದು ಹಳದಿ ಬಣ್ಣದ ಪೀಸು ಹುಡುಕತೊಡಗಿದಳು.