ಪ್ರೆಶರ್ ವಾಷರ್ ತಗೊಳ್ಳೋ ಮುಂಚೆ ದಯವಿಟ್ಟು ಇದನ್ನು ಓದಿ

ಪ್ರೆಶರ್ ವಾಷಿಂಗ್ ಕೆಲಸ ಶುರು ಮಾಡಬೇಕು ಅಂತಿರುವವರು ಮೊದಲು ಇದೊಂದು ಮಾತು ಕೇಳಿ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಬಾರ್ ನಂಬರ್ (ನೀರಿನ ಒತ್ತಡದ ಅಳತೆ) ನೋಡಿ ಮೆಷಿನ್ ಕೊಳ್ಳಬೇಡಿ. ಅಂಗಡಿಯವನು ಎಷ್ಟೇ ನಯವಾಗಿ ಮಾತಾಡಲಿ, ಕೊಳ್ಳಬೇಡಿ. ನನಗಿನ್ನೂ ಕೋಪ ಇಳಿದಿಲ್ಲ. ಬರಹ ಸ್ವಲ್ಪ ಹಿಂದೆ ಮುಂದೆ ಆದರೆ ಬೇಜಾರು ಮಾಡ್ಕೋಬೇಡಿ.

ಮೊದಲ ದಿನವೇ ಡೀಲರ್‌ಗೆ ಬಿಡಿಸಿ ಹೇಳಿದ್ದೆ. ಮನೆಯ ಕಾರು ತೊಳೆಯೋಕಲ್ಲ, ಇದರಿಂದಲೇ ನನ್ನ ದುಡಿಮೆ. ಕಾಂಕ್ರೀಟ್ ಅಂಗಳ, ಕಾಂಪೌಂಡ್ ಗೋಡೆ, ಪಾರ್ಕಿಂಗ್ ನೆಲ. ದಿನಕ್ಕೆ 5–6 ಗಂಟೆ ಓಡಬೇಕು. ಬಾಯಲ್ಲಿ ಹೇಳಿದ್ದು ಸಾಲದು ಅಂತ ಮೆಸೇಜ್ ಕೂಡ ಹಾಕಿದ್ದೆ. ಅವನ ಉತ್ತರ ಈಗಲೂ ಫೋನಿನಲ್ಲಿದೆ: "ಆರಾಮಾಗಿ ನಡೆಯುತ್ತೆ ಸರ್. ಕಮರ್ಷಿಯಲ್ ಪೀಸ್ ಇದು. 200 ಬಾರ್, 15 ಲೀಟರ್, ಇಂಡಕ್ಷನ್ ಮೋಟರ್. ಕಣ್ಣು ಮುಚ್ಚಿಕೊಂಡು ತಗೊಳ್ಳಿ." 15 ಲೀಟರ್ ಅಂದ್ರೆ ನಿಮಿಷಕ್ಕೆ ಬರುವ ನೀರು. ಜೊತೆಗೆ ನೆಲ ತೊಳೆಯೋಕೆ 20 ಇಂಚಿನ ಸರ್ಫೇಸ್ ಕ್ಲೀನರ್ ಬೇರೆ ಕೊಟ್ಟ, ಅಂದ್ರೆ ಒಳಗೆ ನೀರು ಚಿಮ್ಮಿಸುವ ಕೋಲು ತಿರುಗುವ ದುಂಡನೆ ಮುಚ್ಚಳ. "ಈ ಮೆಷಿನ್‌ಗೆ ಇದೇ ಸರಿಯಾದ ಜೋಡಿ ಸರ್" ಅಂದ. ಡೆಮೋ ಅಂತ ಒಂದು ಹಳೇ ಮ್ಯಾಟ್ ತೊಳೆದು ತೋರಿಸಿದ. ಮ್ಯಾಟ್ ಯಾವ ಮೆಷಿನ್ನಿಗಾದರೂ ಬೆಳ್ಳಗಾಗುತ್ತೆ ಅಲ್ವಾ?

ಮೊದಲ ದೊಡ್ಡ ಕೆಲಸ ಒಂದು ಕಾಂಕ್ರೀಟ್ ಅಂಗಳ. ಸರ್ಫೇಸ್ ಕ್ಲೀನರ್ ಒಳಗಿನ ಕೋಲು ನೀರಿನ ರಭಸಕ್ಕೇ ಗಿರ್ರನೆ ತಿರುಗಬೇಕು. ಇದು ಸೋತವರ ಹಾಗೆ ತೂಗಾಡಿಕೊಂಡು ತಿರುಗುತ್ತಿತ್ತು. ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಎಳೆದೆ. ನೆಲ ಒಣಗುತ್ತಾ ಬಂದ ಹಾಗೆ ಬಳೆ ಬಳೆಯಂಥ ಗೆರೆಗಳು ಎದ್ದು ಕಾಣಿಸಿದವು, ಒಂದು ಬಿಳಿ, ಒಂದು ಕಪ್ಪು, ಅಂಗಳದುದ್ದಕ್ಕೂ. ಮನೆಯವರು ಬಂದು ನೋಡಿ, "ಮುಗೀತಾ? ಇನ್ನೂ ಇದೆಯಾ?" ಅಂತ ಕೇಳಿದರು. ಪಾಪ, ಅವರು ಸಹಜವಾಗಿಯೇ ಕೇಳಿದ್ದು. ನನಗೆ ಮಾತ್ರ ತಲೆ ಎತ್ತೋಕಾಗಲಿಲ್ಲ. ದುಡ್ಡು ಕೇಳೋಕೂ ಬಾಯಿ ಬರಲಿಲ್ಲ.

ಅಲ್ಲಿಂದಲೇ ಡೀಲರ್‌ಗೆ ಫೋನ್ ಮಾಡಿದೆ. "ಕೆಂಪು ನಾಜಲ್ ಹಾಕಿ ಹೊಡೀರಿ ಸರ್, ಹೇಗೆ ಹೋಗಲ್ಲ ನೋಡೋಣ" ಅಂದ! ನಾಜಲ್ ಅಂದ್ರೆ ಗನ್ನಿನ ತುದಿಗೆ ಹಾಕುವ ಮೂತಿ, ನೀರು ಎಷ್ಟು ಅಗಲ ಹರಡುತ್ತೆ ಅಂತ ಅದರ ಬಣ್ಣ ಹೇಳುತ್ತೆ. ಕೆಂಪು ಅಂದ್ರೆ 0 ಡಿಗ್ರಿ. ನೀರು ಒಂದೇ ಗೆರೆಯಾಗಿ ಬಂದು ಕುಯ್ಯುತ್ತೆ. ಕಾಂಕ್ರೀಟ್ ಮೇಲೆ ಗೀರು ಬೀಳುತ್ತೆ, ಮರದ ಮೇಲೆ ಬಿದ್ದರೆ ಸಿಬಿರು ಏಳುತ್ತೆ. ಬೇರೆಯವರ ಅಂಗಳದಲ್ಲಿ ಅದನ್ನು ಹಾಕಿ ಅಂತ ಮೆಷಿನ್ ಮಾರುವವನೇ ಹೇಳುತ್ತಾನೆ ಅಂದ್ರೆ ಏನು ಹೇಳಬೇಕು.

ಮನೆಗೆ ಬಂದು 20 ಲೀಟರ್ ಬಕೆಟ್ ಇಟ್ಟೆ. ಕಪ್ಪು ಸೋಪ್ ನಾಜಲ್ ಹಾಕಿ, ಮೊಬೈಲಿನಲ್ಲಿ ಟೈಮ್ ನೋಡಿಕೊಂಡು ನೀರು ಬಿಟ್ಟೆ. ಆ ನಾಜಲ್‌ನಲ್ಲಿ ಒತ್ತಡ ಕಮ್ಮಿ, ಆದರೆ ಪಂಪ್ ತಳ್ಳುವ ನೀರು ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ನಿಮಿಷಕ್ಕೆ 15 ಲೀಟರ್ ಅಂದ್ರೆ 80 ಸೆಕೆಂಡಿಗೆ ಬಕೆಟ್ ತುಂಬಬೇಕು. 80 ಆಯ್ತು, ನೀರು ಅರ್ಧದ ಹತ್ತಿರ ಇತ್ತು. ತುಂಬೋಕೆ ಎರಡೂವರೆ ನಿಮಿಷ ಬೇಕಾಯ್ತು. ಅಂದ್ರೆ ನಿಮಿಷಕ್ಕೆ 8 ಲೀಟರ್. 15 ಅಲ್ಲ, 8! ನಲ್ಲಿಯದ್ದೇನೂ ತಪ್ಪಿಲ್ಲ, ಬರೀ ನಲ್ಲಿ ಬಿಟ್ಟರೆ ಅದೇ ಬಕೆಟ್ ಒಂದು ನಿಮಿಷದೊಳಗೆ ತುಂಬುತ್ತೆ.

ಆಮೇಲೆ ಮೆಷಿನ್ ಮಗುಚಿ ಹಾಕಿದೆ. ಅಡಿಯಲ್ಲಿ ಉಗುರಿನಷ್ಟು ಅಕ್ಷರದ ಪ್ಲೇಟ್. ರೇಟೆಡ್ (ಅಂದ್ರೆ ನಿರಂತರವಾಗಿ ಕೊಡೋದು) 120 ಬಾರ್, ಮೋಟರ್ 2.2 ಕಿಲೋವ್ಯಾಟ್. 200 ಅನ್ನೋದು ಆ ಪ್ಲೇಟಿನಲ್ಲಿ ಎಲ್ಲೂ ಇಲ್ಲ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಬಾರ್ ಅನ್ನು ನಿಮಿಷದ ಲೀಟರ್‌ನಿಂದ ಗುಣಿಸಿ 600ರಿಂದ ಭಾಗಿಸಿ. ಬರುವುದು ನೀರಿಗೆ ಬೇಕಾದ ಕಿಲೋವ್ಯಾಟ್. 200 ಗುಣಿಸು 15 ಅಂದ್ರೆ 3000, ಭಾಗಿಸು 600, ಅಂದ್ರೆ 5 ಕಿಲೋವ್ಯಾಟ್. ಮೋಟರ್ ಅದಕ್ಕಿಂತ ಇನ್ನೂ ದೊಡ್ಡದಿರಬೇಕು, ಯಾಕಂದ್ರೆ ಪಂಪಿನಲ್ಲೇ ಸ್ವಲ್ಪ ಶಕ್ತಿ ಹೋಗುತ್ತೆ. 2.2 ಕಿಲೋವ್ಯಾಟ್ ಮೋಟರ್‌ನಿಂದ ಅದು ಆಗದ ಮಾತು. ಯಾವ ಕಂಪನಿಯದಾದರೂ ಆಗದ ಮಾತು.

ಇದನ್ನೇ ಅವನ ಮುಂದೆ ಇಟ್ಟೆ. ಅವನ ಉತ್ತರ ಹಾಗೇ ಬರೆಯುತ್ತೇನೆ: "ಸರ್, 15 ಲೀಟರ್ ಅನ್ನೋದು ಪಂಪಿನ ಒಳಗೆ ಹೋಗೋ ನೀರು." ಒಳಗೆ 15 ಹೋಗಿ ಹೊರಗೆ 8 ಬಂದರೆ ಉಳಿದ 7 ಲೀಟರ್ ಎಲ್ಲಿಗೆ ಹೋಯ್ತು ಸ್ವಾಮಿ? ಕೇಳಿದೆ. "ಟೆಕ್ನಿಕಲ್ ವಿಷಯ ಸರ್, ನಿಮಗೆ ಅರ್ಥ ಆಗಲ್ಲ" ಅಂದ. ಮೈಯೆಲ್ಲ ಉರಿದುಹೋಯ್ತು. ದುಡ್ಡು ಹೋಗಿದ್ದಕ್ಕಿಂತ ಆ ಮಾತು ಜಾಸ್ತಿ ಚುಚ್ಚಿತು.

ಅಲ್ಲಿಗೂ ಮುಗಿಯಲಿಲ್ಲ. ಸ್ವಲ್ಪ ಕಾಲಕ್ಕೇ ಸುಟ್ಟ ವಾಸನೆ, ಒಳಗೆ ಕಿಡಿ. ಪರಿಚಯದ ಮೆಕ್ಯಾನಿಕ್ ಬಿಚ್ಚಿದರೆ ಸವೆದುಹೋದ ಕಾರ್ಬನ್ ಬ್ರಷ್ (ಮೋಟರ್‌ನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಎರಡು ಕೈಗೆ ಬಂದವು. ಇಂತಹ ಮೆಷಿನ್‌ನ ಇಂಡಕ್ಷನ್ ಮೋಟರ್‌ನಲ್ಲಿ ಬ್ರಷ್ ಇರೋದೇ ಇಲ್ಲ! ಬ್ರಷ್ ಇರುವ ಯೂನಿವರ್ಸಲ್ ಮೋಟರ್ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸುವ ಮನೆ ಬಳಕೆಗೆ. ದಿನವಿಡೀ ಓಡಿಸೋಕಲ್ಲ. ವಾರಂಟಿ ಕೇಳಿದರೆ ಕಾರ್ಡ್ ತಿರುಗಿಸಿ ಬೆರಳಿಟ್ಟು ತೋರಿಸಿದ: "ನೋಡಿ ಸರ್, ಕಮರ್ಷಿಯಲ್ ಬಳಕೆಗೆ ವಾರಂಟಿ ಇಲ್ಲ. ನೀವು ಬಿಸಿನೆಸ್ಸಿಗೆ ಓಡಿಸಿದ್ದೀರಿ." ಕಮರ್ಷಿಯಲ್ ಪೀಸ್ ಅಂತ ಮಾರಿದವನೂ ಇವನೇ! ಅವನದೇ ಮೆಸೇಜ್ ತೋರಿಸಿದೆ. "ಅದು ಮಾತಿಗೆ ಹೇಳಿದ್ದು ಸರ್" ಅಂದ.

ಕೊಳ್ಳುವವರು ಇಷ್ಟು ಮಾಡಿ. ಮೊದಲು ಪ್ಲೇಟ್ ನೋಡಿ. ರೇಟೆಡ್ ಎಷ್ಟು, ಗರಿಷ್ಠ ಎಷ್ಟು ಅಂತ ಬೇರೆ ಬೇರೆ ಕೇಳಿ, ದಿನವಿಡೀ ಕೆಲಸ ಮಾಡೋದು ರೇಟೆಡ್ ನಂಬರ್. ನೆಲ ತೊಳೆಯೋ ಕೆಲಸವಾದರೆ ಲೀಟರ್ ಮುಖ್ಯ, 20 ಇಂಚಿನ ಸರ್ಫೇಸ್ ಕ್ಲೀನರ್‌ಗೆ 15 ಲೀಟರ್ ಹತ್ತಿರ ಬೇಕೇ ಬೇಕು. ಅಷ್ಟು ಬೇಕಾದರೆ ಪೆಟ್ರೋಲ್ ಎಂಜಿನ್ ಅಥವಾ ತ್ರೀ ಫೇಸ್ ಮೋಟರ್ ಕಡೆ ನೋಡಬೇಕು, ಮನೆಯ ಪ್ಲಗ್ಗಿಗೆ ಚುಚ್ಚುವ ಮೆಷಿನ್ ಕಡೆ ಅಲ್ಲ. ಪಂಪ್ ಸೆರಾಮಿಕ್ ಪ್ಲಂಜರ್ (ನೀರು ತಳ್ಳುವ ದಂಡ) ಮೂರು ಇರುವ ಟ್ರಿಪ್ಲೆಕ್ಸ್ ಆಗಿರಲಿ, ಸವೆದಾಗ ಬದಲಾಯಿಸುವ ಸೀಲ್ ಕಿಟ್ ಸಿಗುತ್ತಾ ಅಂತ ಈಗಲೇ ಕೇಳಿ. ಅಂಗಡಿಯಲ್ಲೇ ಬಕೆಟ್ ಹಿಡಿದು ನೋಡಿ. "ಬಿಸಿನೆಸ್ ಬಳಕೆಗೆ" ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದ್ರೆ ಎದ್ದು ಬನ್ನಿ.

ಮೊನ್ನೆ ಅವನಿಂದಲೇ ಮತ್ತೆ ಮೆಸೇಜ್ ಬಂದಿದೆ. ಹಳೇದು ಕೊಟ್ಟು ಮೇಲೆ ಸ್ವಲ್ಪ ದುಡ್ಡು ಹಾಕಿದರೆ 250 ಬಾರ್ ಮೆಷಿನ್ ಕೊಡ್ತಾನಂತೆ. ಎಷ್ಟು ಲೀಟರ್, ಎಷ್ಟು ಕಿಲೋವ್ಯಾಟ್, ಪ್ಲೇಟಿನ ಫೋಟೋ ಕಳಿಸು ಅಂದೆ. ಇನ್ನೂ ಕಳಿಸಿಲ್ಲ. ನಿಮ್ಮಲ್ಲಿ ಯಾರಾದರೂ ಮೆಷಿನ್ ನೋಡುತ್ತಿದ್ದರೆ ಅಡ್ವಾನ್ಸ್ ಕೊಡುವ ಮುಂಚೆ ಪ್ಲೇಟಿನ ಫೋಟೋ ಇಲ್ಲಿ ಹಾಕಿ, ಲೆಕ್ಕ ಮಾಡಿ ಹೇಳುತ್ತೇನೆ.