ಜನಜಂಗುಳಿ ಇಲ್ಲದ ಇಟಲಿ: ಮೈಸೂರಿನ ಟ್ರಾವೆಲ್ ಏಜೆನ್ಸಿಯೊಂದರ ಅನುಭವ

ರೋಮ್, ವೆನಿಸ್ ಬೇಡ, ಗಲಾಟೆ ಇಲ್ಲದ ಇಟಲಿ ತೋರಿಸಿ ಅಂತ ಮೈಸೂರಿನ ಒಂದು ಸಣ್ಣ ಟ್ರಾವೆಲ್ ಏಜೆನ್ಸಿಯಲ್ಲಿ ಕೇಳಿದ್ದೆವು. ಅವರು ದಕ್ಷಿಣದ ಬಸಿಲಿಕಾತಾ ಪ್ರಾಂತ್ಯ ಸೂಚಿಸಿದರು. ನಾವು ಆ ಹೆಸರೇ ಕೇಳಿರಲಿಲ್ಲ.

ಅಲ್ಲಿನ ಮತೇರಾ ಊರು ನೋಡಿ ಮಾತೇ ಹೊರಡಲಿಲ್ಲ. ಸುಣ್ಣಕಲ್ಲು ಕೊರೆದು ಮಾಡಿದ ಗುಹೆಮನೆಗಳು, ಸಾಸ್ಸಿ ಅಂತಾರೆ. 1952ರ ಕಾನೂನಿನ ನಂತರ ಅಲ್ಲಿದ್ದವರನ್ನು ಹೊಸ ಮನೆಗಳಿಗೆ ಕಳಿಸಿದರು. 1993ರಲ್ಲಿ ಈ ಸಾಸ್ಸಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಒಂದು ಮನೆಯೊಳಗೆ ಮಂಚದಿಂದ ನಾಲ್ಕೇ ಹೆಜ್ಜೆಗೆ ಹೇಸರಗತ್ತೆ ಕಟ್ಟುವ ಜಾಗ. ಮಂಡ್ಯದಲ್ಲಿ ನಮ್ಮಜ್ಜಿ ಮನೆಯೊಳಗೇ ಎತ್ತು ಕಟ್ಟುತ್ತಿದ್ದರು, ಅದೇ ನೆನಪಾಯಿತು.

ಊಟಕ್ಕೆ ಪೆಪೆರೋನಿ ಕ್ರುಸ್ಕಿ ಬಂತು. ಒಣಗಿಸಿದ ಕೆಂಪು ಮೆಣಸಿನಕಾಯಿ, ಎಣ್ಣೆಯಲ್ಲಿ ಕರಿದದ್ದು. ನಮ್ಮ ಬಾಳಕದ ಹಾಗೆ ಗರಿಗರಿ, ಆದರೆ ಖಾರ ಇಲ್ಲ, ಸಿಹಿ. ನಮ್ಮ ಮನೆಯವರು ಎರಡು ತಟ್ಟೆ ಖಾಲಿ ಮಾಡಿದರು!

ಒಂದೇ ಬೇಸರ. ಬಾರಿ ಎಂಬ ನಗರದಿಂದ ಮತೇರಾಗೆ ಹೋಗುವ ಸಣ್ಣ ರೈಲು ನಾವು ಹೋದ ಭಾನುವಾರ ಇರಲಿಲ್ಲ, ಬಸ್ಸೇ ಗತಿಯಾಯಿತು. ಏಜೆನ್ಸಿಯವರು ಹೇಳಬೇಕಿತ್ತು ಅಲ್ವಾ? ಲಗೇಜ್ ಹಿಡಿದು ತುಂಬಾ ಪರದಾಡಿದೆವು. ವೀಸಾ, ರೂಮು ಎಲ್ಲಾ ಅಚ್ಚುಕಟ್ಟು. ಮುಂದಿನ ಸಲ ಇಟಲಿಯದೇ ಇನ್ನೊಂದು ಪ್ರಾಂತ್ಯ ಮೊಲಿಸೆಗೆ ಅಂತ ಅವರಿಗೇ ಮುಂಗಡ ಕೊಟ್ಟು ಬಂದಿದ್ದೇವೆ.